ಕ್ರಿಯೇಟಿವ್ ಅಂಡ್ ಕಲ್ಚರಲ್ ಇಂಡಸ್ಟ್ರೀಸ್ ಓದ್ಬೇಕಾ? ಮೈಸೂರು, ಮಂಡ್ಯದಿಂದ ಹೊರಡೋರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಾಟಕ ಇಷ್ಟ, ಸಿನಿಮಾ ಇಷ್ಟ, ಮ್ಯೂಸಿಯಂ ಅಂದ್ರೆ ಗಂಟೆಗಟ್ಲೆ ನಿಂತ್ಕೊಂಡು ನೋಡ್ತೀನಿ, ಆದ್ರೆ ನಾನು ನಟನೂ ಅಲ್ಲ ಪೇಂಟರೂ ಅಲ್ಲ, ಈ ಲೋಕದಲ್ಲೇ ಕೆಲಸ ಮಾಡ್ಕೊಂಡಿರೋಕೆ ಏನ್ ಓದ್ಬೇಕು ಅಂತ ಕೇಳೋ ಹುಡುಗ್ರು ಹುಡುಗೀರು ನಮ್ಮ ಕಡೆ ಈಗ ಜಾಸ್ತಿ ಆಗ್ತಿದಾರೆ. ಅವ್ರಿಗೋಸ್ಕರ ಇದನ್ನ ಬರೀತಿದೀನಿ. ಈ ಪ್ರಶ್ನೆಗೆ ಯೂನಿವರ್ಸಿಟಿಗಳಲ್ಲಿ ಒಂದು ಸಬ್ಜೆಕ್ಟೇ ಇದೆ, ಕ್ರಿಯೇಟಿವ್ ಅಂಡ್ ಕಲ್ಚರಲ್ ಇಂಡಸ್ಟ್ರೀಸ್ ಅಂತ. ಕಲೆ ಮಾಡೋದನ್ನ ಅಲ್ಲಿ ಕಲಿಸಲ್ಲ. ಕಲೆ ಹೇಗೆ ಬದುಕತ್ತೆ, ಯಾರು ದುಡ್ಡು ಹಾಕ್ತಾರೆ, ಯಾರಿಗೆ ಹಕ್ಕು ಸೇರತ್ತೆ, ಯಾರು ದುಡಿದೂ ಕೈ ಖಾಲಿ ಮಾಡ್ಕೊಂಡು ಮನೆಗೆ ಹೋಗ್ತಾರೆ, ಸರ್ಕಾರ ಯಾಕೆ ಮಧ್ಯೆ ಬರ್ಬೇಕು, ಇದನ್ನೆಲ್ಲ ಕಲಿಸ್ತಾರೆ.

ನಾನು ಎಲ್ರಿಗೂ ಹೇಳೋದು ಒಂದೇ ಮಾತು. ಈ ಸಬ್ಜೆಕ್ಟ್ ಓದೋಕೆ ಎಲ್ಲಿಗಾದ್ರೂ ಹೋಗಿ, ಆದ್ರೆ ಹೋಗೋಕೆ ಮುಂಚೆ ನಿಮ್ಮ ಊರಿನ ಒಂದೇ ಒಂದು ಕಲೆ ಅಥವಾ ಕಸುಬಿನ ದುಡ್ಡಿನ ದಾರಿನ ಪೂರ್ತಿ ತಿಳ್ಕೊಂಡು ಹೋಗಿ. ಮಿಕ್ಕಿದ್ದೆಲ್ಲ ಇದರ ಮೇಲೇ ನಿಲ್ಲತ್ತೆ.

ಹಂತ 1: ಸಬ್ಜೆಕ್ಟ್ ಎಲ್ಲಿಂದ ಬಂತು ಅಂತ ಮೊದ್ಲು ತಿಳ್ಕೊಳ್ಳಿ

1940ರ ದಶಕದಲ್ಲಿ ಜರ್ಮನಿಯಿಂದ ತಪ್ಪಿಸ್ಕೊಂಡು ಅಮೆರಿಕಕ್ಕೆ ಬಂದಿದ್ದ ಅಡೋರ್ನೊ ಮತ್ತೆ ಹಾರ್ಕ್‌ಹೈಮರ್ ಅನ್ನೋ ಇಬ್ರು ಚಿಂತಕರು ಸಿನಿಮಾ, ರೇಡಿಯೋ ಎಲ್ಲಾ ಫ್ಯಾಕ್ಟರಿ ಮಾಲಿನ ಥರ ತಯಾರಾಗ್ತಿದೆ, ಜನರ ಯೋಚನೆನೇ ಮಂಕಾಗ್ತಿದೆ ಅಂತ ಸಿಟ್ಟಿಂದ ಬರೆದ್ರು. ಅಂದ್ರೆ ಶುರುವಾಗಿದ್ದು ಬೈಗುಳದಿಂದ. ಆಮೇಲೆ 1997ರಲ್ಲಿ ಬ್ರಿಟನ್ನಲ್ಲಿ ಹೊಸ ಸರ್ಕಾರ ಬಂದಾಗ ಅವರ ಸಂಸ್ಕೃತಿ ಇಲಾಖೆ ಒಂದು ಟಾಸ್ಕ್ ಫೋರ್ಸ್ ಮಾಡಿ 1998ರಲ್ಲಿ ಲೆಕ್ಕ ಹಾಕ್ತು. ಜಾಹೀರಾತು, ಆರ್ಕಿಟೆಕ್ಚರ್, ಕರಕುಶಲ, ಡಿಸೈನ್, ಫ್ಯಾಷನ್, ಸಿನಿಮಾ, ಸಂಗೀತ, ರಂಗಭೂಮಿ, ಪುಸ್ತಕ, ಸಾಫ್ಟ್‌ವೇರ್, ಟಿವಿ ಹೀಗೆ ಒಟ್ಟು 13 ಕ್ಷೇತ್ರನ ಒಂದೇ ಕಡೆ ಸೇರಿಸಿ ಇದೆಲ್ಲ ದೇಶದ ಆದಾಯದ ಮೂಲ ಅಂದ್ರು. ಯೂನಿವರ್ಸಿಟಿಗಳು ಅದನ್ನ ಹಿಡ್ಕೊಂಡು ಕೋರ್ಸ್ ಶುರು ಮಾಡಿದ್ವು. ಆಸ್ಟ್ರೇಲಿಯಾದ ಬ್ರಿಸ್ಬೇನ್ನಲ್ಲಿರೋ ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟಿ ಆಫ್ ಟೆಕ್ನಾಲಜಿ 2001ರಲ್ಲಿ ಇದಕ್ಕಂತನೇ ಒಂದು ಫ್ಯಾಕಲ್ಟಿ ಕಟ್ತು, ಲಂಡನ್ನಿನ ಕಿಂಗ್ಸ್ ಕಾಲೇಜು, ಗೋಲ್ಡ್‌ಸ್ಮಿತ್ಸ್, ವಾರಿಕ್ ಯೂನಿವರ್ಸಿಟಿ ಇವೆಲ್ಲ ಈ ಸಬ್ಜೆಕ್ಟಿಗೆ ಹೆಸರಾದವು.

ಮೂರನೇ ಎಳೆ ಯುನೆಸ್ಕೋದು. 2005ರಲ್ಲಿ ಸಾಂಸ್ಕೃತಿಕ ಅಭಿವ್ಯಕ್ತಿಗಳ ವೈವಿಧ್ಯ ಕಾಪಾಡ್ಬೇಕು ಅಂತ ಒಂದು ಒಪ್ಪಂದ ಆಯ್ತು, ಸಿನಿಮಾ ಪುಸ್ತಕ ಹಾಡು ಇವನ್ನ ಅಕ್ಕಿ ಸಿಮೆಂಟ್ ಥರ ಬರೀ ಸರಕು ಅಂತ ನೋಡ್ಬೇಡಿ, ತಮ್ಮ ಸಂಸ್ಕೃತಿ ಉಳಿಸ್ಕೊಳ್ಳೋಕೆ ಕಾನೂನು ಮಾಡೋ ಹಕ್ಕು ಆಯಾ ದೇಶಕ್ಕೆ ಇದೆ ಅನ್ನೋದು ಅದರ ತಿರುಳು. ಕನ್ನಡ ಸಿನಿಮಾ, ಡಬ್ಬಿಂಗ್, ಥಿಯೇಟರ್ ಸಿಗಲ್ಲ ಅನ್ನೋ ಜಗಳ ಎಲ್ಲ ಕೇಳಿ ಬೆಳೆದ ನಮಗೆ ಇದು ಬೇಗ ಅರ್ಥ ಆಗತ್ತೆ, ಬೇರೆಯವರಿಗಿಂತ ಬೇಗ.

ಈ ಮೂರು ಎಳೆ ಗೊತ್ತಿದ್ರೆ ಸಾಕು. ಯಾವ ಕೋರ್ಸ್ ಯಾವ ಕಡೆ ವಾಲಿದೆ ಅಂತ ಸಿಲಬಸ್ ನೋಡಿದ ತಕ್ಷಣ ಹೇಳ್ಬೋದು: ಟೀಕೆ ಕಡೆಗಾ, ಬಿಸಿನೆಸ್ ಕಡೆಗಾ, ಪಾಲಿಸಿ ಕಡೆಗಾ.

ಹಂತ 2: ಒಂದು ಎಳೆ ಹಿಡೀರಿ, ಅದರ ದುಡ್ಡಿನ ದಾರಿಲಿ ನಡೀರಿ

ಇದಕ್ಕೆ ಎಲ್ಲಕ್ಕಿಂತ ಜಾಸ್ತಿ ಟೈಮ್ ಕೊಡಿ. ಅಪ್ಲಿಕೇಷನ್ ಹಾಕೋಕೆ ಮುಂಚೆ ಕನಿಷ್ಠ ಒಂದು ಸೀಸನ್ ಇದರಲ್ಲೇ ಇರಿ. ಎಳೆ ಅಂದ್ರೆ ಇಲ್ಲಿ ನಿಮ್ಮೂರಿನ ಒಂದು ಕಲೆ ಅಥವಾ ಕಸುಬು, ಮೈಸೂರು ಮಂಡ್ಯ ಭಾಗದಲ್ಲಿ ಅದಕ್ಕೆ ಬರ ಇಲ್ಲ.

ಬೀಟೆ ಮರದ ಇನ್‌ಲೇ ಕೆಲಸ ತಗೊಳ್ಳಿ. ಹಿಂದೆ ಅದರಲ್ಲಿ ಆನೆ ದಂತ ಕೂರಿಸ್ತಿದ್ರು, 1986ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂದು ಭಾರತದ ಆನೆ ದಂತದ ವ್ಯಾಪಾರ ದೇಶದೊಳಗೂ ನಿಂತ್ಮೇಲೆ ಬಣ್ಣಬಣ್ಣದ ಬೇರೆ ಮರ, ಪ್ಲಾಸ್ಟಿಕ್ ಬಂತು. ಒಂದು ಕಾನೂನು ಬದಲಾದ್ರೆ ಒಂದು ಕಸುಬಿನ ಕಚ್ಚಾ ಸಾಮಾನು, ಬೆಲೆ, ಗಿರಾಕಿ ಎಲ್ಲ ಬದಲಾಗತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಪಾಠ ಬೇಕಾ? ಈಗ ಅಂಥ ಒಂದು ಫಲಕ ಕೆತ್ತಿದವರಿಗೆ ಎಷ್ಟು ಬಂತು, ಬೀಟೆ ಮರ ಎಲ್ಲಿಂದ ಯಾವ ಪರ್ಮಿಟ್ಟಲ್ಲಿ ಬಂತು, ಸಯ್ಯಾಜಿರಾವ್ ರಸ್ತೆಯ ಕಾವೇರಿ ಎಂಪೋರಿಯಮ್ಮಲ್ಲಿ ಅದಕ್ಕೆ ಎಷ್ಟು ಬೆಲೆ, ಟೂರಿಸ್ಟ್ ಗೈಡ್ ಕರ್ಕೊಂಡ್ ಬಂದ ಪ್ರೈವೇಟ್ ಅಂಗಡೀಲಿ ಎಷ್ಟು, ನಡುವೆ ಯಾರ್ಯಾರ ಕೈ ಇದೆ, ಇಷ್ಟನ್ನ ಒಂದು ನೋಟ್‌ಬುಕ್ಕಲ್ಲಿ ಬರ್ಕೊಂಡ್ರೆ ಅದೇ ವ್ಯಾಲ್ಯೂ ಚೈನ್. ಕ್ಲಾಸಲ್ಲಿ ಅದನ್ನ ಬಾಣದ ಗುರುತು ಹಾಕಿ ಬರೆದು ತೋರಿಸ್ತಾರೆ ಅಷ್ಟೇ.

ರೇಷ್ಮೆ ಇಷ್ಟ ಇದ್ರೆ ರಾಮನಗರದ ಗೂಡಿನ ಮಾರ್ಕೆಟ್ಟಿಂದ ಶುರು ಮಾಡಿ. ಟಿ. ನರಸೀಪುರದಲ್ಲಿ ಕೆಎಸ್‌ಐಸಿಯ (ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ) ನೂಲು ಬಿಚ್ಚೋ ಘಟಕ ಇದೆ, ಮೈಸೂರಲ್ಲಿ 1912ರಲ್ಲಿ ಶುರುವಾದ ನೇಯೋ ಕಾರ್ಖಾನೆ ಇದೆ, ಶೋರೂಮ್ ಇದೆ, ಈ ಮೂರೂ ಒಂದೇ ಸರ್ಕಾರಿ ಸಂಸ್ಥೆ ಕೈಲಿದೆ. ಹಾಗಿರೋದ್ರಿಂದ ಏನ್ ಉಳೀತು, ಏನ್ ಹೋಯ್ತು ಅನ್ನೋದು ದೊಡ್ಡ ಪ್ರಶ್ನೆ. ಪಕ್ಕದಲ್ಲೇ ಮೇಲುಕೋಟೆ ಕೈಮಗ್ಗ ಇದೆ, ಹೋಲಿಸಿ ನೋಡ್ಬೋದು.

ನಂಗೆ ವೈಯಕ್ತಿಕವಾಗಿ ತುಂಬಾ ಮುಖ್ಯ ಅನ್ಸೋದು ಮಂಡ್ಯ ಕಡೆಯ ಪೂಜಾ ಕುಣಿತ. ಬಿದಿರಿನ ಚೌಕಟ್ಟಿಗೆ ಸೀರೆ, ದೇವಿ ಮುಖವಾಡ ಕಟ್ಟಿ ತಲೆ ಮೇಲೆ ಹೊತ್ಕೊಂಡು ತಮಟೆಗೆ ಕುಣಿಯೋರು. ದಸರಾ ಮೆರವಣಿಗೇಲಿ ಎಲ್ರೂ ಫೋಟೋ ತೆಗೀತಾರೆ, ಆದ್ರೆ ಆ ತಂಡದ ವರ್ಷ ಹೇಗೆ ಕಳೆಯತ್ತೆ ಅಂತ ಕೇಳೋರು ಕಮ್ಮಿ. ಊರ ಹಬ್ಬದ ಕರೆ ಯಾವಾಗ ಬರತ್ತೆ, ಸರ್ಕಾರಿ ಪ್ರೋಗ್ರಾಮಿಗೆ ಹೆಸರು ಯಾರು ಸೇರಿಸ್ತಾರೆ, ಸಂಭಾವನೆ ಚೆಕ್ಕಾ ಖಾತೆಗಾ, ಎಷ್ಟು ದಿನಕ್ಕೆ ಬರತ್ತೆ, ಗಾಡಿ ಬಾಡಿಗೆ ಅದರಲ್ಲೇ ಸೇರಿದ್ಯಾ, ಯಜಮಾನ ಹೇಗೆ ಹಂಚ್ತಾನೆ, ಹೊಸ ಹುಡುಗ್ರು ಕಲೀತಿದಾರಾ.

ಕೇಳೋ ರೀತಿ ಬಗ್ಗೆ ಎರಡು ಮಾತು. ಹೋದ ತಕ್ಷಣ "ನಿಮಗೆ ಎಷ್ಟು ಸಿಗತ್ತೆ" ಅಂತ ಕೇಳ್ಬೇಡಿ, ಅದು ಯಾರಿಗೂ ಇಷ್ಟ ಆಗಲ್ಲ. "ಹೋದ ವರ್ಷ ಎಲ್ಲೆಲ್ಲಿಗೆ ಹೋಗಿದ್ರಿ ಯಜಮಾನ್ರೇ" ಅಂತ ಶುರು ಮಾಡಿ, ಊರು ಊರಿನ ಕಥೆ ಬರತ್ತೆ, ಕಥೆ ಜೊತೆ ಲೆಕ್ಕನೂ ಬರತ್ತೆ. ಕೆಲಸದ ಹೊತ್ತಲ್ಲಿ ಹೋಗಿ ಅವರ ಕೈ ನಿಲ್ಲಿಸ್ಬೇಡಿ, ದಿನಗೂಲಿ ಲೆಕ್ಕದಲ್ಲಿ ಬದುಕೋರಿಗೆ ನಿಮ್ಮ ಅರ್ಧ ಗಂಟೆ ಮಾತು ಅಂದ್ರೆ ನಷ್ಟ. ಕೇಳದೇ ರೆಕಾರ್ಡ್ ಮಾಡ್ಬೇಡಿ, ಫೋಟೋ ಹಾಕ್ಬೇಡಿ. ಮೊದಲ ಭೇಟೀಲಿ ನೋಟ್‌ಬುಕ್ ತೆಗೀದೇ ಇದ್ರೂ ಪರವಾಗಿಲ್ಲ.

ನಾಟಕ ಇಷ್ಟಪಡೋರಿಗೆ ರಂಗಾಯಣ ಇದ್ದೇ ಇದೆ. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಶುರುವಾದ ಸರ್ಕಾರಿ ರೆಪರ್ಟರಿ (ಸಂಬಳದ ಕಲಾವಿದರಿರೋ ಕಾಯಂ ನಾಟಕ ತಂಡ), ಅಲ್ಲಿನ ಭೂಮಿಗೀತ ರಂಗಮಂದಿರದಲ್ಲಿ ನಾಟಕ ನೋಡಿದವರು ತುಂಬಾ ಜನ, ಆದ್ರೆ ಬಹುರೂಪಿ ನಾಟಕೋತ್ಸವ ನಡೆಯೋವಾಗ ಹೊರಗಿನ ಪುಸ್ತಕ ಮಳಿಗೆ, ಊಟದ ಸ್ಟಾಲು, ಬೇರೆ ರಾಜ್ಯದ ತಂಡದ ಟ್ರೈನ್ ಟಿಕೆಟ್ಟು, ಅವರ ಸೆಟ್ ಇಳ್ಸೋ ಲಾರಿ ಇದನ್ನೆಲ್ಲ ಯಾರು ನೋಡ್ಕೋತಾರೆ ಅಂತ ಗಮನಿಸಿದವರು ಕಮ್ಮಿ. ಈ ಸಲ ಅದನ್ನ ಗಮನಿಸಿ. 2024ರ ಡಿಸೆಂಬರಲ್ಲಿ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಆಯ್ತಲ್ಲ, ಅದಕ್ಕೆ ಹೋಗಿದ್ದೋರು ನೆನಪಿಸ್ಕೊಂಡು ಬರೀಬೋದು. ಪುಸ್ತಕ ಮಳಿಗೆ ಬಾಡಿಗೆ, ಪ್ರಕಾಶಕರು ಕೊಡೋ ರಿಯಾಯಿತಿ, ಮೂರು ದಿನದ ಆ ವ್ಯಾಪಾರ ಚಿಕ್ಕ ಪ್ರಕಾಶಕರ ವರ್ಷಕ್ಕೆ ಎಷ್ಟು ಮುಖ್ಯ ಅನ್ನೋದೇ ಒಂದು ಪ್ರಾಜೆಕ್ಟು.

ಹಂತ 3: ಯಾವ ಡಿಗ್ರಿ, ಎಲ್ಲಿ

ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿಯಾಗೇ ಇದೆ. ಪಿಯುಸಿ ಆದ ತಕ್ಷಣ ಇದೇ ಹೆಸರಿನ ಡಿಗ್ರಿ ಹುಡ್ಕಬೇಡಿ. ಮೊದಲ ಡಿಗ್ರಿ ಕಾಲೂರೋಕೆ ಜಾಗ ಇರೋಂಥದ್ದು ಮಾಡಿ, ಪಿಜೀಲಿ ಈ ಸಬ್ಜೆಕ್ಟಿಗೆ ಬನ್ನಿ. ಕೈಯಲ್ಲಿ ಕಲೆ ಇದ್ರೆ ಮೈಸೂರಿನ ಕಾವಾ ಅನ್ನೋ ಸರ್ಕಾರಿ ದೃಶ್ಯಕಲಾ ಕಾಲೇಜಲ್ಲಿ ಪೇಂಟಿಂಗ್, ಶಿಲ್ಪ, ಗ್ರಾಫಿಕ್ಸ್, ಅಪ್ಲೈಡ್ ಆರ್ಟ್, ಫೋಟೋಗ್ರಫಿ ಕಲೀಬೋದು. ಸಂಗೀತ, ನೃತ್ಯ, ನಾಟಕಕ್ಕೆ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ಯೂನಿವರ್ಸಿಟಿನೇ ಮೈಸೂರಲ್ಲಿದೆ. ರಂಗಾಯಣದ ಭಾರತೀಯ ರಂಗ ಶಿಕ್ಷಣ ಕೇಂದ್ರದಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ, ಹೆಗ್ಗೋಡಿನ ನೀನಾಸಂದೂ ಹಾಗೇ ಒಂದು ವರ್ಷದ್ದು.

ಕೈಯಲ್ಲಿ ಕಲೆ ಇಲ್ಲ, ಆಸಕ್ತಿ ಮಾತ್ರ ಇದೆ ಅನ್ನೋರು ಮಹಾರಾಜ, ಮಹಾರಾಣಿ ಕಾಲೇಜಲ್ಲೋ ಮಂಡ್ಯದಲ್ಲೋ ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಪತ್ರಿಕೋದ್ಯಮ, ಇತಿಹಾಸ ಯಾವುದಾದ್ರೂ ಸರಿ. ಬಿಕಾಂ ಮಾಡೋರಿಗೆ ನಾನು ಬೇಡ ಅನ್ನಲ್ಲ, ಇನ್ನೂ ಖುಷಿನೇ ಪಡ್ತೀನಿ. ಲೆಕ್ಕ ಬರೆಯೋಕೆ, ಜಿಎಸ್‌ಟಿ ರಿಟರ್ನ್ ಹಾಕೋಕೆ, ಆಡಿಟ್ಟಿಗೆ ವೋಚರ್ ಜೋಡ್ಸೋಕೆ ಬರೋ ಒಬ್ರು ರಂಗತಂಡದಲ್ಲೋ ಮ್ಯೂಸಿಯಮ್ಮಲ್ಲೋ ಇದ್ರೆ ಅವ್ರನ್ನ ಯಾರೂ ಬಿಟ್ಕೊಡಲ್ಲ.

ಪಿಜಿಗೆ ಭಾರತದಲ್ಲೇ ಅಂದ್ರೆ ದೆಹಲಿ ಜೆಎನ್‌ಯುದ ಸ್ಕೂಲ್ ಆಫ್ ಆರ್ಟ್ಸ್ ಅಂಡ್ ಏಸ್ಥೆಟಿಕ್ಸ್, ದೆಹಲೀದೇ ಅಂಬೇಡ್ಕರ್ ಯೂನಿವರ್ಸಿಟಿಯ ಸ್ಕೂಲ್ ಆಫ್ ಕಲ್ಚರ್ ಅಂಡ್ ಕ್ರಿಯೇಟಿವ್ ಎಕ್ಸ್‌ಪ್ರೆಶನ್ಸ್ ನೋಡಿ. ಮೈಸೂರು ಯೂನಿವರ್ಸಿಟಿಯ ಮಾನಸಗಂಗೋತ್ರೀಲೇ ಇದ್ಕೊಂಡು ಪತ್ರಿಕೋದ್ಯಮನೋ, ಕುವೆಂಪು ಕನ್ನಡ ಅಧ್ಯಯನ ಸಂಸ್ಥೇಲಿ ಜಾನಪದನೋ ತಗೊಂಡು, ಅದರೊಳಗೇ ಈ ದಿಕ್ಕಿನ ಪ್ರಬಂಧ ಬರೆದ್ರೂ ಯಾವ ರೀತೀಲೂ ಕಮ್ಮಿ ಅಲ್ಲ. ಈ ಯೂನಿವರ್ಸಿಟಿಗೆ ಈ ವಿಷಯದಲ್ಲಿ ತನ್ನದೇ ಪರಂಪರೆ ಇದೆ: 1935ರಲ್ಲಿ ಇಲ್ಲಿನ ಸೈಕಾಲಜಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೇಲೇ ಒಂದು ರೇಡಿಯೋ ಸ್ಟೇಷನ್ ಶುರು ಮಾಡಿದ್ರು, ಆಕಾಶವಾಣಿ ಅನ್ನೋ ಹೆಸರು ರೇಡಿಯೋಗೆ ಬಂದಿದ್ದೇ ಅಲ್ಲಿಂದ. ಮೇಷ್ಟ್ರೊಬ್ರು ಮನೇಲಿ ಶುರು ಮಾಡಿದ್ದು ಆಮೇಲೆ ಸರ್ಕಾರದ ಸಂಸ್ಥೆ ಆಗಿದ್ದು ಹೇಗೆ ಅಂತ ಓದಿದ್ರೆ ಈ ಸಬ್ಜೆಕ್ಟಿನ ಅರ್ಧ ಥಿಯರಿ ಅದರೊಳಗೇ ಇದೆ.

ಹೊರದೇಶ ಅಂದ್ರೆ ಖರ್ಚಿನ ಮಾತು ಮೊದ್ಲು. ಬ್ರಿಟನ್ನಲ್ಲಿ ಎಂಎ ಒಂದೇ ವರ್ಷ, ಆದ್ರೆ ಲಂಡನ್ನಲ್ಲಾದ್ರೆ ಫೀಸು, ಇರೋಕೆ, ತಿನ್ನೋಕೆ ಎಲ್ಲ ಸೇರಿ 40 ಲಕ್ಷ ಸುಲಭವಾಗಿ ದಾಟತ್ತೆ. ಈ ಕ್ಷೇತ್ರದಲ್ಲಿ ಶುರುವಿನ ಸಂಬಳ ಕಮ್ಮಿ, ಆದ್ದರಿಂದ ಜಮೀನು ಅಡ ಇಟ್ಟು ಪೂರ್ತಿ ಸಾಲದಲ್ಲಿ ಹೋಗೋದನ್ನ ನಾನು ಬೇಡ ಅಂತ್ಲೇ ಹೇಳ್ತೀನಿ. ಓದು ಮುಗಿದ್ಮೇಲೆ ಅಲ್ಲಿ ಕೆಲಸ ಹುಡ್ಕೋಕೆ ಕೊಡೋ ಗ್ರಾಜುಯೇಟ್ ವೀಸಾ 2 ವರ್ಷ ಇತ್ತು, 2027ರ ಜನವರಿ 1ರಿಂದ ಅರ್ಜಿ ಹಾಕೋರಿಗೆ 18 ತಿಂಗಳಿಗೆ ಇಳಿಸಿದಾರೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಬ್ರಿಟನ್ ಸರ್ಕಾರದ ಚೀವ್ನಿಂಗ್ ಸ್ಕಾಲರ್‌ಶಿಪ್ ಸಿಕ್ರೆ ಪೂರ್ತಿ ಖರ್ಚು ಅವ್ರದೇ, ಆದ್ರೆ ಅದಕ್ಕೆ 2,800 ಗಂಟೆ ಕೆಲಸದ ಅನುಭವ ಇರ್ಬೇಕು, ಮುಗಿಸಿದ್ಮೇಲೆ ದೇಶಕ್ಕೆ ವಾಪಸ್ ಬಂದು ಕನಿಷ್ಠ 2 ವರ್ಷ ಇರ್ಬೇಕು. ನಾಟಕದ ತಂಡದಲ್ಲಿ, ಉತ್ಸವದಲ್ಲಿ, ಪ್ರಕಾಶನದಲ್ಲಿ ಮಾಡಿರೋ ಪಾರ್ಟ್‌ಟೈಮ್ ಕೆಲಸ, ವಾಲಂಟಿಯರ್ ಕೆಲಸನೂ ಅಲ್ಲಿ ಲೆಕ್ಕಕ್ಕೆ ಬರತ್ತೆ (ಡಿಗ್ರಿ ಮುಗಿಯೋಕೆ ಮುಂಚಿನದು ಸೇರತ್ತಾ ಅಂತ ಈ ಸಲದ ನಿಯಮದಲ್ಲಿ ನೋಡ್ಕೊಳ್ಳಿ), ಅದಕ್ಕೇ ಇವತ್ತಿಂದ್ಲೇ ತಾರೀಖು, ಗಂಟೆ, ಯಾರ ಕೈಕೆಳಗೆ ಅಂತ ಬರೆದಿಟ್ಕೊಳ್ಳಿ. ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ಹೊರದೇಶದ ಓದಿಗೆ ನೆರವು ಕೊಡೋ ಪ್ರಬುದ್ಧ ಯೋಜನೆ ಇದೆ, ಈ ಸಲದ ಷರತ್ತುಗಳನ್ನ ಇಲಾಖೆ ಆಫೀಸಲ್ಲೇ ಹೋಗಿ ಕೇಳಿ.

ಹಂತ 4: ಸಿಲಬಸ್ ಓದೋ ರೀತಿ

ವೆಬ್‌ಸೈಟಿನ ಫೋಟೋಗಳನ್ನ ಬಿಟ್ಟು ನೇರ ಪೇಪರ್‌ಗಳ ಪಟ್ಟಿಗೆ ಹೋಗಿ. ಕಲ್ಚರಲ್ ಪಾಲಿಸಿ, ಕಾಪಿರೈಟ್, ಕಲಾವಿದರ ದುಡಿಮೆ, ಪ್ರೇಕ್ಷಕರ ಅಧ್ಯಯನ, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್, ಕೊನೇಲಿ ಪ್ರಬಂಧ, ಇಷ್ಟು ಇದ್ರೆ ಗಟ್ಟಿ ಕೋರ್ಸು. ಬರೀ ಸ್ಟಾರ್ಟಪ್ಪು ಬ್ರ್ಯಾಂಡಿಂಗು ಅಂತಿದ್ರೆ ಅದು ಮಾರ್ಕೆಟಿಂಗ್ ಕೋರ್ಸು, ತಪ್ಪೇನಿಲ್ಲ ಆದ್ರೆ ನಿಮಗೆ ಬೇಕಿರೋದು ಅದೇನಾ ಅಂತ ನೋಡ್ಕೊಳ್ಳಿ. ಪ್ಲೇಸ್‌ಮೆಂಟ್ (ಕೋರ್ಸಿನ ಭಾಗವಾಗಿ ಒಂದು ಸಂಸ್ಥೇಲಿ ಕೆಲಸ ಮಾಡೋದು) ಇದೆ ಅಂತ ಬರೆದಿದ್ರೆ ಜಾಗ ಅವರೇ ಹುಡುಕಿ ಕೊಡ್ತಾರಾ ಇಲ್ಲ ನೀವೇ ಹುಡ್ಕೋಬೇಕಾ ಅಂತ ಈಮೇಲ್ ಮಾಡಿ ಕೇಳಿ, ಇದೊಂದು ಪ್ರಶ್ನೆಗೆ ಬರೋ ಉತ್ತರದಲ್ಲಿ ಎಷ್ಟೋ ಗೊತ್ತಾಗತ್ತೆ.

ಹಂತ 5: ಅರ್ಜಿ ಮತ್ತೆ ಎಸ್‌ಒಪಿ (ಈ ಕೋರ್ಸ್ ಯಾಕೆ ಓದ್ಬೇಕು ಅಂತ ಬರೆಯೋ ಪತ್ರ)

"ಚಿಕ್ಕಂದಿನಿಂದಲೂ ನನಗೆ ಕಲೆ ಅಂದ್ರೆ ಪ್ರಾಣ, ಸಾಂಸ್ಕೃತಿಕ ನಗರಿ ಮೈಸೂರಿನಲ್ಲಿ ಬೆಳೆದ ನಾನು" ಅಂತ ಶುರುವಾಗೋ ಪತ್ರ ಬೇಡ. ಇದನ್ನ ಯಾರು ಬೇಕಾದ್ರೂ ಬರೀಬೋದು. ಎರಡನೇ ಹಂತದ ನೋಟ್‌ಬುಕ್ ತೆಗೀರಿ. "ನಮ್ಮ ತಾಲೂಕಿನ ಒಂದು ಪೂಜಾ ಕುಣಿತದ ತಂಡಕ್ಕೆ ಊರ ಹಬ್ಬದ ಕರೆ ಬರೋದು ಬೇಸಿಗೇಲಿ, ಸರ್ಕಾರಿ ಕಾರ್ಯಕ್ರಮ ದಸರಾ ರಾಜ್ಯೋತ್ಸವದ ಸುತ್ತ, ಮಿಕ್ಕ ತಿಂಗಳೆಲ್ಲ ಗದ್ದೆ ಕೆಲಸ. ಊರ ಹಬ್ಬದ ದುಡ್ಡು ಅವತ್ತೇ ಕೈಗೆ ಬರತ್ತೆ, ಇಲಾಖೆ ದುಡ್ಡು ಬಿಲ್ ಪಾಸಾದ್ಮೇಲೆ. ಹಾಗಾದ್ರೆ ಈ ಕಲೆನ ಉಳಿಸಿರೋದು ಯಾರು ಅನ್ನೋ ಪ್ರಶ್ನೆಗೆ ಉತ್ತರ ಹುಡ್ಕೋಕೆ ನಾನು ಈ ಕೋರ್ಸಿಗೆ ಬರ್ತಿದೀನಿ" ಅನ್ನೋ ಥರ ಇರ್ಲಿ, ನಿಮ್ಮ ನೋಟ್‌ಬುಕ್ಕಲ್ಲಿ ಏನಿದ್ಯೋ ಅದು. ಲಂಡನ್ನಲ್ಲಿ ಕೂತು ಓದೋರಿಗೆ ಪೂಜಾ ಕುಣಿತ ಗೊತ್ತಿಲ್ಲದೇ ಇರ್ಬೋದು, ಆದ್ರೆ ಪ್ರಶ್ನೆ ಕೇಳೋಕೆ ಬರೋ ವಿದ್ಯಾರ್ಥಿನ ಅವರು ಗುರುತು ಹಿಡೀತಾರೆ.

ಕನ್ನಡ ಮೀಡಿಯಂನೋರು ಮೊದ್ಲು ಕನ್ನಡದಲ್ಲೇ ಪೂರ್ತಿ ಬರೀರಿ, ಆಮೇಲೆ ಇಂಗ್ಲಿಷಲ್ಲಿ ಹೊಸದಾಗಿ ಬರೀರಿ. ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೇಲಿ ಈ ಥರ ಕೋರ್ಸ್‌ಗಳು ಸಾಮಾನ್ಯವಾಗಿ 6.5ರಿಂದ 7ರ ಸುತ್ತ ಕೇಳ್ತವೆ, ರೈಟಿಂಗಲ್ಲೇ ಜಾಸ್ತಿ ಜನ ಸಿಕ್ಕಾಕೊಳ್ಳೋದು, ಆರು ತಿಂಗಳು ಮುಂಚೆ ಶುರು ಮಾಡಿ. ರೆಫರೆನ್ಸ್ ಲೆಟರ್ ಕೊಡೋ ಮೇಷ್ಟ್ರಿಗೆ ಅಥವಾ ಮೇಡಂಗೆ ಬರೀ ಮಾರ್ಕ್ಸ್ ಕಾರ್ಡ್ ಕೊಟ್ಟು ಬರ್ಬೇಡಿ, ನೀವು ಮಾಡಿರೋ ಕೆಲಸನ ಒಂದು ಪುಟದಲ್ಲಿ ಬರೆದು ಕೊಡಿ, ಅವ್ರಿಗೂ ಬರೆಯೋಕೆ ವಿಷಯ ಬೇಕಲ್ಲ.

ಹಂತ 6: ಥಿಯರಿಗೆ ಹೆದ್ರಬೇಡಿ, ಊರಿನ ಮೇಲೆ ಇಟ್ಟು ನೋಡಿ

ಮೊದಲ ಸೆಮಿಸ್ಟರಲ್ಲೇ ಎಷ್ಟೋ ಜನ ಕೈ ಚೆಲ್ಲೋದು ಇಲ್ಲೇ, ಅದಕ್ಕೆ ಒಂದು ಥಿಯರಿನ ಪೂರ್ತಿ ಬಿಡಿಸಿ ಹೇಳ್ತೀನಿ. 1966ರಲ್ಲಿ ಬಾಮೊಲ್ ಮತ್ತೆ ಬೋವೆನ್ ಅನ್ನೋ ಅಮೆರಿಕದ ಅರ್ಥಶಾಸ್ತ್ರಜ್ಞರು ಒಂದು ಮಾತು ಹೇಳಿದ್ರು. ಕಾರ್ಖಾನೇಲಿ ಮಷೀನ್ ಬಂದ್ಮೇಲೆ ಒಬ್ಬ ಕಾರ್ಮಿಕ ಮುಂಚೆಗಿಂತ ಹತ್ತು ಪಟ್ಟು ಮಾಲು ತಯಾರು ಮಾಡ್ತಾನೆ, ಅದಕ್ಕೆ ಸಂಬಳ ಏರಿಸಿದ್ರೂ ಮಾಲೀಕನಿಗೆ ಗಿಟ್ಟತ್ತೆ. ಆದ್ರೆ ನಾಲ್ಕು ಜನ ನುಡಿಸೋ ಸಂಗೀತಕ್ಕೆ ಇನ್ನೂರು ವರ್ಷದ ಹಿಂದೆಯೂ ನಾಲ್ಕೇ ಜನ ಬೇಕಿತ್ತು, ಇವತ್ತೂ ನಾಲ್ಕೇ ಜನ, ಅಷ್ಟೇ ಹೊತ್ತು. ಹೊರಗಿನ ಪ್ರಪಂಚದಲ್ಲಿ ಸಂಬಳ, ಬಾಡಿಗೆ, ತರಕಾರಿ ಬೆಲೆ ಎಲ್ಲ ಏರ್ತಾ ಹೋದ್ರೆ ಆ ನಾಲ್ಕು ಜನಕ್ಕೂ ಏರಿಸ್ಲೇಬೇಕು, ಆದ್ರೆ ಅವ್ರು ಮಾಡೋ ಕೆಲಸ ಜಾಸ್ತಿ ಆಗಲ್ಲ. ಅದಕ್ಕೇ ಪ್ರದರ್ಶನ ಕಲೆಗಳ ಖರ್ಚು ಬೇರೆಲ್ಲದಕ್ಕಿಂತ ಬೇಗ ಏರತ್ತೆ, ಟಿಕೆಟ್ಟಿಂದ ಮಾತ್ರ ತುಂಬೋಕಾಗಲ್ಲ.

ಈಗ ಇದನ್ನ ಭೂಮಿಗೀತಕ್ಕೆ ತನ್ನಿ. 15 ಪಾತ್ರದ ನಾಟಕಕ್ಕೆ 1989ರಲ್ಲೂ 15 ನಟರು, ಇವತ್ತೂ 15 ನಟರು, ರಿಹರ್ಸಲ್ಲೂ ಅಷ್ಟೇ ದಿನ. ಟಿಕೆಟ್ ರೇಟ್ ಐದು ಪಟ್ಟು ಮಾಡಿದ್ರೆ ಕಾಲೇಜು ಹುಡುಗ್ರು ಬರಲ್ಲ, ಮಾಡದೇ ಇದ್ರೆ ದುಡ್ಡು ಸಾಲಲ್ಲ. ಆಗ ಉಳಿಯೋ ದಾರಿ ಕೆಲವೇ: ಸರ್ಕಾರದ ಅನುದಾನ, ದಾನಿಗಳು, ಪಾತ್ರ ಕಮ್ಮಿ ಮಾಡೋದು, ಇಲ್ಲಾಂದ್ರೆ ನಟರು ಕಮ್ಮಿ ದುಡ್ಡಿಗೆ ದುಡಿಯೋದು. ಹೆಚ್ಚಿನ ಹವ್ಯಾಸಿ ತಂಡಗಳು ಕೊನೇದ್ರ ಮೇಲೇ ನಡೀತಿರೋದು, ಬ್ಯಾಂಕ್ ಕೆಲಸನೋ ಮೇಷ್ಟ್ರ ಕೆಲಸನೋ ಮುಗಿಸಿ ಸಂಜೆ ರಿಹರ್ಸಲ್ಲಿಗೆ ಬರೋರು ತಮ್ಮ ಸಂಬಳದಿಂದ ಕನ್ನಡ ರಂಗಭೂಮಿಗೆ ಅನುದಾನ ಕೊಡ್ತಿದಾರೆ ಅಂತ್ಲೇ ಅರ್ಥ. ಇಷ್ಟು ಗೊತ್ತಾದ್ಮೇಲೆ "ನಾಟಕದೋರಿಗೆ ಸರ್ಕಾರ ಯಾಕೆ ದುಡ್ಡು ಕೊಡ್ಬೇಕು" ಅನ್ನೋ ಪ್ರಶ್ನೆಗೆ ಭಾವನೆ ಬಿಟ್ಟು ಲೆಕ್ಕದಲ್ಲಿ ಉತ್ತರ ಕೊಡ್ಬೋದು, ಹಾಗೇ ಈ ಥಿಯರಿಗೆ ಇರೋ ಟೀಕೆನೂ ಓದ್ಬೇಕು, ರೆಕಾರ್ಡಿಂಗ್ ಬಂದ್ಮೇಲೆ ಒಂದೇ ಪ್ರದರ್ಶನನ ಲಕ್ಷ ಜನ ನೋಡ್ಬೋದಲ್ಲ ಅನ್ನೋದು.

ಬೋರ್ಡ್ಯೂ, ರಿಚರ್ಡ್ ಕೇವ್ಸ್, ಹೆಸ್ಮಂಡಾಲ್ಶ್, ಥ್ರಾಸ್ಬಿ, ಫ್ಲೋರಿಡಾ ಅಂತ ಈ ಸಬ್ಜೆಕ್ಟಲ್ಲಿ ಸಿಗೋ ಚಿಂತಕರನ್ನೆಲ್ಲ ಇದೇ ರೀತಿ ಓದಿ. ಬೋರ್ಡ್ಯೂ ಹೇಳೋ ಕಲ್ಚರಲ್ ಕ್ಯಾಪಿಟಲ್ಲನ್ನ, ಅಂದ್ರೆ ಓದು, ಅಭಿರುಚಿ, ಕಲೆಯ ಪರಿಚಯನೂ ಒಂದು ಬಂಡವಾಳ ಅನ್ನೋದನ್ನ, ಅರಮನೆ ಸಂಗೀತ ಕಚೇರಿಯ ಮುಂದಿನ ಸಾಲು ಮತ್ತೆ ಯುವ ದಸರಾದ ಗುಂಪಿನ ಮೇಲೆ ಇಟ್ಟು ನೋಡಿದ್ರೆ ಪುಸ್ತಕಕ್ಕಿಂತ ಚೆನ್ನಾಗಿ ಗೊತ್ತಾಗತ್ತೆ.

ಹಂತ 7: ಕಾಪಿರೈಟ್, ಜಿಐ, ಕರಾರು

ಉಳಿದಿದ್ದೆಲ್ಲ ಮರೆತ್ರೂ ಇದನ್ನ ಮರೀಬೇಡಿ, ಕಲಾವಿದರಿಗೆ ನೀವು ನಿಜವಾಗ್ಲೂ ಉಪಯೋಗಕ್ಕೆ ಬರೋದು ಇಲ್ಲೇ. ನಮ್ಮ ಕಾಪಿರೈಟ್ ಕಾಯ್ದೆ 1957ರದ್ದು. ಪುಸ್ತಕ, ನಾಟಕ, ಹಾಡಿಗೆ ಬರೆದವರ ಆಯಸ್ಸು ಮತ್ತೆ ಅವರು ತೀರ್ಕೊಂಡ ಮುಂದಿನ ವರ್ಷದ ಶುರುವಿಂದ 60 ವರ್ಷ ಹಕ್ಕಿರತ್ತೆ. ಮೇಲುಕೋಟೆಯ ಕವಿ ಪು.ತಿ.ನ. ತೀರ್ಕೊಂಡಿದ್ದು 1998ರಲ್ಲಿ, ಅಂದ್ರೆ ಈ ಲೆಕ್ಕದಲ್ಲಿ ಅವರ ಗೀತನಾಟಕಗಳ ಹಕ್ಕು 2058ರ ಕೊನೆವರೆಗೂ ಇರತ್ತೆ, ಕಾಲೇಜು ಡೇನಲ್ಲಿ ಟಿಕೆಟ್ ಇಟ್ಟು ಆಡ್ಬೇಕಂದ್ರೆ ಹಕ್ಕುದಾರರ ಒಪ್ಪಿಗೆ ಬೇಕು.

ಕರಾರಿನ ವಿಷಯದಲ್ಲಿ 19ನೇ ಸೆಕ್ಷನ್ ಓದಿ. ಹಕ್ಕು ವರ್ಗಾವಣೆ ಬರಹದಲ್ಲಿರ್ಬೇಕು, ಸಹಿ ಇರ್ಬೇಕು. ಎಷ್ಟು ವರ್ಷಕ್ಕೆ ಅಂತ ಬರೀದೇ ಇದ್ರೆ 5 ವರ್ಷ ಅಂತ್ಲೇ ಅರ್ಥ, ಯಾವ ಪ್ರದೇಶಕ್ಕೆ ಅಂತ ಬರೀದೇ ಇದ್ರೆ ಭಾರತಕ್ಕೆ ಮಾತ್ರ. 2012ರ ತಿದ್ದುಪಡಿ ಆದ್ಮೇಲೆ ಸಿನಿಮಾಗೆ ಹಾಡು ಬರೆದವರಿಗೆ, ಸಂಗೀತ ಮಾಡಿದವರಿಗೆ ಥಿಯೇಟರ್ ಬಿಟ್ಟು ಬೇರೆ ಕಡೆ ಆ ಹಾಡು ಬಳಸಿದಾಗ ರಾಯಲ್ಟೀಲಿ ಪಾಲು ಇದೆ, ಅದನ್ನ ಬಿಟ್ಕೊಡ್ತೀನಿ ಅಂತ ಬರೆಸ್ಕೊಂಡ್ರೂ ನಡೆಯಲ್ಲ. ಇಷ್ಟು ಗೊತ್ತಿರೋ ಹುಡುಗ ಅಥವಾ ಹುಡುಗಿ ಒಬ್ಬ ಹೊಸ ಗೀತರಚನೆಕಾರರ ಪಕ್ಕ ಕೂತ್ರೆ ಎಷ್ಟು ಧೈರ್ಯ ಅಲ್ವಾ.

ಜಿಐ, ಅಂದ್ರೆ ಒಂದು ಊರಿನ ಹೆಸರಿಂದ ಗುರುತಾಗೋ ಮಾಲಿಗೆ ಕೊಡೋ ಭೌಗೋಳಿಕ ಗುರುತು, ಅದು ಬೇರೆ. ಅದರ ಕಾಯ್ದೆ 1999ರದ್ದು, 2003ರಲ್ಲಿ ಜಾರಿಗೆ ಬಂತು. ಮೈಸೂರು ರೇಷ್ಮೆ, ಮೈಸೂರು ಸಾಂಪ್ರದಾಯಿಕ ಚಿತ್ರಕಲೆ, ಗಂಜೀಫಾ (ಕೈಯಲ್ಲಿ ಚಿತ್ರ ಬರೆದ ಇಸ್ಪೀಟೆಲೆ), ಬೀಟೆ ಇನ್‌ಲೇ, ಅಗರಬತ್ತಿ, ಮಲ್ಲಿಗೆ ಇವಕ್ಕೆಲ್ಲ ಜಿಐ ಇದೆ. ಇದು ಒಬ್ಬ ಕಲಾವಿದರ ಸ್ವತ್ತಲ್ಲ, ಊರಿಗೆ ಸೇರಿದ ಹೆಸರಿನ ರಕ್ಷಣೆ. ಟ್ಯಾಗ್ ಸಿಕ್ಕಿದ ಮಾತ್ರಕ್ಕೆ ಗಂಜೀಫಾ ಬರೆಯೋರ ಕೈಗೆ ದುಡ್ಡು ಬರಲ್ಲ, ಅಧಿಕೃತ ಬಳಕೆದಾರರಾಗಿ ನೋಂದಣಿ ಆಗ್ಬೇಕು, ನಕಲಿ ಮೇಲೆ ಯಾರಾದ್ರೂ ಕೇಸ್ ಹಾಕ್ಬೇಕು. ಎಷ್ಟು ಜನ ಕುಶಲಕರ್ಮಿಗಳು ನೋಂದಣಿ ಆಗಿದಾರೆ ಅಂತ ನಿಮ್ಮ ಎಳೇಲಿ ಹುಡುಕಿ ನೋಡಿ.

ಹಂತ 8: ಇಂಟರ್ನ್‌ಶಿಪ್, ಅದೂ ತೆರೆ ಹಿಂದಿಂದು

ದಸರಾ ಉಪಸಮಿತಿಗಳು, ಸ್ತಬ್ಧಚಿತ್ರ ಮಾಡೋ ತಂಡಗಳು, ದಸರಾ ಚಲನಚಿತ್ರೋತ್ಸವ, ಆಕಾಶವಾಣಿ, ಭಾರತೀಯ ಭಾಷಾ ಸಂಸ್ಥಾನ, ಜಯಲಕ್ಷ್ಮೀ ವಿಲಾಸದ ಜಾನಪದ ವಸ್ತುಸಂಗ್ರಹಾಲಯ, ಮೈಸೂರಿನ ಪುಸ್ತಕ ಪ್ರಕಾಶಕರು, ಎಲ್ಲಾ ಕಡೆ ಕೇಳಿ. ಕೇಳೋವಾಗ "ಏನಾದ್ರೂ ಕೆಲಸ ಕೊಡಿ ಸರ್" ಅನ್ಬೇಡಿ, "ವಸ್ತುಗಳ ರಿಜಿಸ್ಟರ್ ಟೈಪ್ ಮಾಡಿ ಕೊಡ್ತೀನಿ" "ಪಾಸುಗಳ ಲೆಕ್ಕ ನೋಡ್ಕೋತೀನಿ" ಅಂತ ಒಂದು ನಿರ್ದಿಷ್ಟ ಕೆಲಸ ಹೇಳಿ. ಸ್ಟೇಜ್ ಮೇಲೆ ಹೂಗುಚ್ಛ ಕೊಡೋ ಕೆಲಸಕ್ಕಿಂತ ಬಜೆಟ್ ಶೀಟ್, ತಂಡಗಳ ವಾಸ್ತವ್ಯ, ಲೈಟಿಂಗ್ ಬಾಡಿಗೆ, ಪೊಲೀಸ್ ಪರ್ಮಿಷನ್ ಇಂಥ ಕಡೆ ನಿಲ್ಲಿ.

ಸುರಕ್ಷತೆ ಬಗ್ಗೆ ಒತ್ತಿ ಹೇಳ್ಬೇಕು. 1989ರ ಫೆಬ್ರವರಿ 8ಕ್ಕೆ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿವಿ ಧಾರಾವಾಹಿ ಶೂಟಿಂಗ್ ನಡೀವಾಗ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಸತ್ತೋದ್ರು. ಸೆಟ್ಟಲ್ಲಿ ಕೆಲಸ ಮಾಡೋರ ಜೀವ ಈ ಉದ್ಯಮದ ಲೆಕ್ಕದಲ್ಲಿ ಎಲ್ಲಿ ಬರತ್ತೆ ಅನ್ನೋದು ನಮ್ಮೂರು ಕೇಳ್ಲೇಬೇಕಾದ ಪ್ರಶ್ನೆ. ನೀವು ಯಾವುದೇ ಪ್ರೋಗ್ರಾಮಲ್ಲಿ ಇದ್ರೂ ಹೊರಗೆ ಹೋಗೋ ಬಾಗಿಲು ಎಷ್ಟಿದೆ, ತೆರೆದಿದ್ಯಾ, ವೈರಿಂಗ್ ಯಾರು ನೋಡಿದ್ರು, ಕೆಲಸಗಾರರಿಗೆ ಇನ್ಶೂರೆನ್ಸ್ ಇದ್ಯಾ ಅಂತ ಮೊದಲ ದಿನವೇ ಕೇಳಿ.

ಹಂತ 9: ಪ್ರಬಂಧ

"ದಸರಾ ಮತ್ತು ಸಂಸ್ಕೃತಿ" ಅಂತ ವಿಷಯ ಇಟ್ಕೊಂಡ್ರೆ ಮುಗಿಯಲ್ಲ. "ಮಂಡ್ಯ ತಾಲೂಕಿನ ಪೂಜಾ ಕುಣಿತದ ಎರಡು ತಂಡಗಳ ಒಂದು ವರ್ಷದ ಆದಾಯದ ಮೂಲಗಳು" ಅಂದ್ರೆ ಮುಗಿಯತ್ತೆ, ಉಪಯೋಗಕ್ಕೂ ಬರತ್ತೆ. ಊರಿನ ಮಟ್ಟದ ವಿಷಯ ಬೇಕಂದ್ರೆ ಯುನೆಸ್ಕೋದ ಸೃಜನಶೀಲ ನಗರಗಳ ಜಾಲ ನೋಡಿ, 2004ರಲ್ಲಿ ಶುರುವಾಗಿದ್ದು, ಅದರಲ್ಲಿ ವಾರಾಣಸಿ ಮತ್ತೆ ಚೆನ್ನೈ ಸಂಗೀತಕ್ಕೆ, ಜೈಪುರ ಕರಕುಶಲಕ್ಕೆ, ಮುಂಬೈ ಸಿನಿಮಾಗೆ, ಕೋಝಿಕ್ಕೋಡ್ 2023ರಲ್ಲಿ ಸಾಹಿತ್ಯಕ್ಕೆ ಸೇರಿವೆ. ಕೋಝಿಕ್ಕೋಡಿನೋರು ತಮ್ಮ ಲೈಬ್ರರಿ, ಪ್ರಕಾಶನ, ಓದುಗರನ್ನ ಹೇಗೆ ಲೆಕ್ಕ ಹಾಕಿ ತೋರಿಸಿದ್ರು, ಹಾಗೇ ಮೈಸೂರು ತೋರಿಸ್ಬೇಕಂದ್ರೆ ಯಾವ ಲೆಕ್ಕ ನಮ್ಮತ್ರ ಇದೆ, ಯಾವುದು ಇಲ್ಲ ಅಂತ ಯಾರಾದ್ರೂ ಬರೆಯೋದು ನಂಗೆ ತುಂಬಾ ಆಸೆ.

ಮಾತಾಡಿಸಿದವರ ಒಪ್ಪಿಗೆ ಪತ್ರ ಕನ್ನಡದಲ್ಲಿರ್ಲಿ, ಓದಿ ಹೇಳಿ ಆಮೇಲೆ ಸಹಿ ತಗೊಳ್ಳಿ. ಮುಗಿದ್ಮೇಲೆ ಕನ್ನಡದಲ್ಲಿ ನಾಲ್ಕು ಪುಟದ ಸಾರಾಂಶ ಬರೆದು ಆ ತಂಡಕ್ಕೆ ಕೊಟ್ಟು ಬನ್ನಿ, ಅನುದಾನದ ಅರ್ಜಿ ಹಾಕೋವಾಗ ಅವರಿಗೆ ಅದು ಬೇಕಾಗತ್ತೆ.

ಹಂತ 10: ಮನೆಯೋರ ಜೊತೆ ಮಾತು, ಆಮೇಲೆ ಕೆಲಸ

ಅಪ್ಪ ಅಮ್ಮ "ಇದನ್ನ ಓದಿದ್ರೆ ಏನ್ ಕೆಲಸ" ಅಂತ ಕೇಳೋದು ತಪ್ಪಲ್ಲ, ಸರಿಯಾದ ಉತ್ತರ ಕೊಡಿ. ಉತ್ಸವಗಳ ಮ್ಯಾನೇಜರ್, ಮ್ಯೂಸಿಯಂ ಮತ್ತೆ ಆರ್ಕೈವ್ ಕೆಲಸ, ಪ್ರಕಾಶನದ ಹಕ್ಕುಗಳ ವಿಭಾಗ, ಸಿನಿಮಾ ಮತ್ತೆ ಒಟಿಟಿ ಪ್ರೊಡಕ್ಷನ್, ಕರಕುಶಲ ಸಂಘಗಳ ಮಾರಾಟ, ಕಲಾ ಪ್ರತಿಷ್ಠಾನಗಳು, ಕನ್ನಡ ಮತ್ತು ಸಂಸ್ಕೃತಿ ಇಲಾಖೆ ನೇಮಕಾತಿ ಕರೆದಾಗ ಅದು, ಇಲ್ಲಾಂದ್ರೆ ಪಾಠ ಮಾಡೋದು. ಮೊದಲ ಎರಡು ಮೂರು ವರ್ಷ ಗುತ್ತಿಗೆ ಕೆಲಸವೇ ಜಾಸ್ತಿ, ಅದನ್ನ ಮುಚ್ಚಿಡದೇ ಹೇಳಿ. ಕಲಾವಿದರಾಗಿ ತರಬೇತಿ ತಗೋತಿರೋ 18ರಿಂದ 25 ವರ್ಷದೋರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ಸ್ಕಾಲರ್‌ಶಿಪ್ ಇದೆ, ತಿಂಗಳಿಗೆ 5,000 ರೂಪಾಯಿ, 2 ವರ್ಷ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1993ರಿಂದ ಇದೆ, ಸಂಶೋಧನೆಗೆ, ಕಲಾ ಪ್ರಾಜೆಕ್ಟಿಗೆ ಅನುದಾನ ಕೊಡತ್ತೆ, ಕನ್ನಡದಲ್ಲೇ ಕೆಲಸ ಮಾಡೋರೂ ಹಾಕಿ.

ತಾರೀಖಿನ ವಿಷಯ ಒಂದು ಬಾಕಿ ಇದೆ. ಚೀವ್ನಿಂಗ್ ಅರ್ಜಿ ಸಾಮಾನ್ಯವಾಗಿ ಆಗಸ್ಟಿಂದ ಅಕ್ಟೋಬರ್ ಶುರುವರೆಗೆ ಇರತ್ತೆ, ಅದೇ ಹೊತ್ತಿಗೆ ದಸರಾ ತಯಾರಿ, ಆಮೇಲೆ ರಾಜ್ಯೋತ್ಸವ. ಎರಡೂ ಒಟ್ಟಿಗೆ ಬಂದ್ರೆ ಓಡಾಟ ಜಾಸ್ತಿ ಆಗತ್ತೆ, ಅದಕ್ಕೇ ಫೀಲ್ಡ್ ಕೆಲಸನ ಹಿಂದಿನ ವರ್ಷದ ದಸರಾದಲ್ಲಿ ಮುಗ್ಸಿ, ಬೇಸಿಗೇಲಿ ಊರ ಹಬ್ಬಗಳನ್ನ ನೋಡಿ, ಜೂನ್ ಜುಲೈಲಿ ಎಸ್‌ಒಪಿ ಬರೆದು ಮೇಷ್ಟ್ರ ಕೈಗೆ ಕೊಟ್ಬಿಡಿ. ಪಾಸ್‌ಪೋರ್ಟಿಗೂ ಅದೇ ಬೇಸಿಗೇಲೇ ಹಾಕಿ.